ಪಾರ್ಕಿಗೆ 30 ವರ್ಷದ ಯೋಜನೆ: ಟೈಲ್ಸ್‌ಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಪ್ರಶ್ನೆ: ಬೆಂಗಳೂರಿನಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಡಿದ ಬಡಾವಣೆಯೊಂದರ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ನಾನು. ನಮ್ಮ ಎರಡು ಎಕರೆ ಪಾರ್ಕಿಗೆ ಈ ವರ್ಷ ದೊಡ್ಡ ಅನುದಾನ ಬಂದಿದೆ. ಕಾರಂಜಿ, ಕಮಾನು, ಓಪನ್ ಜಿಮ್, ವಾಕಿಂಗ್ ಪಾತ್‌ಗೆ ಹೊಸ ಟೈಲ್ಸ್ ಎಂದು ಎಸ್ಟಿಮೇಟ್ ಸಿದ್ಧವಾಗಿದೆ. ಈಗಿರುವ ಟೈಲ್ಸ್ ಹಾಕಿ ಇನ್ನೂ ಐದು ವರ್ಷ ಆಗಿಲ್ಲ. ಆದರೆ ಬೇಸಿಗೆಯ ಗಾಳಿಮಳೆಗೆ ದೊಡ್ಡ ಮರಗಳು ಉರುಳುತ್ತಿವೆ, ಬೋರ್‌ವೆಲ್ ಮಾರ್ಚ್ ಬಂದರೆ ಕೈಕೊಡುತ್ತದೆ. ಒಂದು ಮೂಲೆಯಲ್ಲಿ ಯಾವುದೋ ಕಟ್ಟಡ ಬರುತ್ತದೆ ಎಂಬ ಸುದ್ದಿಯೂ ಇದೆ. ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂತೆ ಒಂದು ಪಾರ್ಕಿಗೆ 30 ವರ್ಷದ ಯೋಜನೆ ಮಾಡಲು ಸಾಧ್ಯವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಖಂಡಿತ ಸಾಧ್ಯ. ಆದರೆ ನಿಮ್ಮ ಕೈಯಲ್ಲಿರುವ ಎಸ್ಟಿಮೇಟ್‌ನಿಂದ ಅದು ಶುರುವಾಗುವುದಿಲ್ಲ. ಅದರಲ್ಲಿರುವ ಬಹುತೇಕ ವಸ್ತುಗಳ ಆಯಸ್ಸು ಐದರಿಂದ ಹತ್ತು ವರ್ಷ. 30 ವರ್ಷ ಬಾಳಬೇಕಾದ್ದು ನೆಲ, ಮಣ್ಣು, ಮರ ಮತ್ತು ಅವನ್ನು ನೋಡಿಕೊಳ್ಳುವ ಕೈಗಳು. ಇವುಗಳ ಹೆಸರಿನಲ್ಲಿ ನಿಮ್ಮ ಎಸ್ಟಿಮೇಟ್‌ನಲ್ಲಿ ಎಷ್ಟು ಹಣ ಇದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ನಮ್ಮ ನಗರಗಳಲ್ಲಿ ಪಾರ್ಕ್ ಹಾಳಾಗುವುದು ಹಣ ಬರದೇ ಇರುವುದರಿಂದ ಮಾತ್ರವಲ್ಲ. ಒಮ್ಮೆಲೇ ಬಂದ ಹಣ ಕಟ್ಟುವುದಕ್ಕೆ ಖರ್ಚಾಗಿ, ಕಾಪಾಡುವುದಕ್ಕೆ ಏನೂ ಉಳಿಯದೇ ಇರುವುದರಿಂದಲೂ ಹಾಳಾಗುತ್ತದೆ.

ಮೊದಲು ಮೂಲೆಯ ಕಟ್ಟಡದ ಮಾತು ಮುಗಿಸೋಣ, ಏಕೆಂದರೆ ನೆಲವೇ ಹೋದರೆ ಉಳಿದ ಯೋಜನೆಗೆ ಅರ್ಥವಿಲ್ಲ. ನೀವು ಬಿಡಿಎ ಬಡಾವಣೆಯವರು, ಕಾನೂನು ನಿಮ್ಮ ಪರವಾಗಿ ಗಟ್ಟಿಯಾಗಿದೆ. 1976ರ ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ 15ರಷ್ಟನ್ನು ಪಾರ್ಕ್ ಮತ್ತು ಆಟದ ಮೈದಾನಕ್ಕೆ ಮೀಸಲಿಡಬೇಕು. ನಾಗರಿಕ ಸೌಲಭ್ಯಗಳಿಗೆ ಕೊಡುವ ಶೇ 10 ಅದರ ಜೊತೆಗೆ, ಅದರೊಳಗಿನಿಂದ ಅಲ್ಲ. ಅಂದರೆ ಗ್ರಂಥಾಲಯ, ಸಮುದಾಯ ಭವನ, ಆಸ್ಪತ್ರೆಗೆ ಬೇರೆಯೇ ಜಾಗ ಇರಬೇಕು. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಪಾರ್ಕ್‌ಗಳ ಪಟ್ಟಿ ಮಾಡಿ ಪ್ರಕಟಿಸಬೇಕು ಎನ್ನುತ್ತದೆ.

ಇದು ಕಾಗದದ ಮಾತಷ್ಟೇ ಅಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟ್ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಈ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಸಾರ್ವಜನಿಕ ಉದ್ಯಾನ ಎಂದರೆ ಜನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಆಸ್ಪತ್ರೆಯೂ ಜನರಿಗೇ ಉಪಯೋಗ ಅಲ್ಲವೇ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ದೇಶದ ಯಾವ ಊರಿನಲ್ಲಿ ಪಾರ್ಕ್ ಜಾಗದ ತಕರಾರು ಎದ್ದರೂ ವಕೀಲರು ಇಂದಿಗೂ ಈ ತೀರ್ಪನ್ನು ಮುಂದಿಡುತ್ತಾರೆ. ಅದು ನಮ್ಮ ಊರಿನ ಸಾಮಾನ್ಯ ನಿವಾಸಿಗಳು ಹೋರಾಡಿ ಪಡೆದದ್ದು ಎಂಬುದು ನನಗೆ ಯಾವತ್ತೂ ಹೆಮ್ಮೆಯ ವಿಷಯ.

ಆದರೆ ಈಗ ಪಾರ್ಕ್ ಜಾಗ ಇಡಿಯಾಗಿ ಹೋಗುವುದು ಅಪರೂಪ, ಚೂರುಚೂರಾಗಿ ಹೋಗುವುದೇ ಹೆಚ್ಚು. ಒಂದು ವರ್ಷ ಪಂಪ್ ಹೌಸ್, ಮತ್ತೊಂದು ವರ್ಷ ಟ್ರಾನ್ಸ್‌ಫಾರ್ಮರ್, ಆಮೇಲೆ ವಾರ್ಡ್ ಕಚೇರಿಗೆ ಒಂದು ಕೋಣೆ, ಅದರ ಪಕ್ಕ ಶಟಲ್ ಕೋರ್ಟಿನ ಶೆಡ್. ಪ್ರತಿಯೊಂದಕ್ಕೂ ಒಳ್ಳೆಯ ಕಾರಣವೇ ಇರುತ್ತದೆ, ಯಾವುದನ್ನೂ ವಿರೋಧಿಸಲು ಮನಸ್ಸು ಬರುವುದಿಲ್ಲ. ಹಾಗಾಗಿ ಒಂದೊಂದನ್ನೂ ಬಂದ ಮೇಲೆ ವಿರೋಧಿಸುವ ಬದಲು ಮೊದಲೇ ಒಂದು ಮಿತಿ ಹಾಕಿಕೊಳ್ಳಿ. ಛಾವಣಿ, ಕಾಂಕ್ರೀಟ್, ಟೈಲ್ಸ್ ಎಲ್ಲ ಸೇರಿ ಪಾರ್ಕಿನ ಇಂತಿಷ್ಟು ಭಾಗ ಮೀರಬಾರದು ಎಂದು ಯೋಜನೆಯ ಮೊದಲ ಪುಟದಲ್ಲೇ ಬರೆಯಿರಿ. ನನ್ನ ಅಭಿಪ್ರಾಯದಲ್ಲಿ ಎರಡು ಎಕರೆಯ ಪಾರ್ಕಿಗೆ ಹತ್ತರಲ್ಲಿ ಒಂದು ಭಾಗವೇ ಜಾಸ್ತಿ. ಹೊಸದೇನಾದರೂ ಬರಬೇಕಿದ್ದರೆ ಹಳೆಯದೊಂದು ಹೋಗಬೇಕು.

ಇದಕ್ಕೆ ಈಗಲೇ ಕೈ ಹಾಕಿ ಎನ್ನಲು ಇನ್ನೊಂದು ಕಾರಣ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದವು. ಆಡಳಿತ ಹೀಗೆ ಒಡೆದು ಹಂಚಿಹೋಗುವಾಗ ಕಡತಗಳೂ ಅತ್ತಿತ್ತ ಆಗುತ್ತವೆ. ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆ, ಪಾರ್ಕ್ ಬಿಡಿಎಯಿಂದ ಪಾಲಿಕೆಗೆ ಹಸ್ತಾಂತರವಾದ ಪತ್ರ, ಸರ್ವೆ ಸ್ಕೆಚ್ ಇವುಗಳ ದೃಢೀಕೃತ ಪ್ರತಿಗಳನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿಯಾದರೂ ತರಿಸಿ ಸಂಘದಲ್ಲಿ ಇಟ್ಟುಕೊಳ್ಳಿ. 1985ರ ಕಾಯ್ದೆಯ ಪಟ್ಟಿಯಲ್ಲಿ ನಿಮ್ಮ ಪಾರ್ಕ್ ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಸೇರಿಸಿ ಎಂದು ಹೊಸ ಪಾಲಿಕೆಗೆ ಬರೆದುಕೊಡಿ.

ಇನ್ನು ಮರಗಳು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಗಿಡ ನೆಡಲಾಯಿತು. ಇಂದು ನಾವು ಅನುಭವಿಸುತ್ತಿರುವ ನೆರಳಿನಲ್ಲಿ ದೊಡ್ಡ ಪಾಲು ಆ ಕೆಲಸದ ಫಲ. ಅದಕ್ಕೂ ಮುಂಚೆ, 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್, ವರ್ಷದ ಎಲ್ಲ ತಿಂಗಳಲ್ಲೂ ಊರಿನ ಯಾವುದಾದರೂ ಬೀದಿಯಲ್ಲಿ ಹೂವು ಇರಬೇಕು ಎಂಬ ಲೆಕ್ಕದಲ್ಲಿ ಮರಗಳನ್ನು ಆರಿಸಿದ್ದರು. ಇಬ್ಬರೂ ತಾವು ಕಾಣದ ಕಾಲಕ್ಕಾಗಿ ಕೆಲಸ ಮಾಡಿದವರು. ಆದರೆ ಒಂದೇ ದಶಕದಲ್ಲಿ ನೆಟ್ಟ ಮರಗಳಿಗೆ ವಯಸ್ಸಾಗುವುದೂ ಒಂದೇ ದಶಕದಲ್ಲಿ. ಗುಲ್‌ಮೊಹರ್, ಹಳದಿ ಗುಲ್‌ಮೊಹರ್ ಬೇಗ ಬೆಳೆಯುತ್ತವೆ, ಬೇಗ ನೆರಳು ಕೊಡುತ್ತವೆ. ಆದರೆ ಅವುಗಳ ಕಟ್ಟಿಗೆ ಮೆತ್ತಗೆ, ನಗರದ ಇಕ್ಕಟ್ಟಿನಲ್ಲಿ ನಲವತ್ತು–ಐವತ್ತು ವರ್ಷ ದಾಟಿದರೆ ಒಳಗೆ ಟೊಳ್ಳು ಬೀಳುತ್ತದೆ. ನಿಮ್ಮ ಬಡಾವಣೆ ಆ ಕಾಲದ್ದಾಗಿದ್ದರೆ, ಉರುಳುತ್ತಿರುವ ಮರಗಳ ಹಿಂದೆ ಈ ಕಾರಣ ಇರುವ ಸಂಭವ ಹೆಚ್ಚು. ಮುಂದಿನ ಹತ್ತು ವರ್ಷ ಇನ್ನಷ್ಟು ಬೀಳಬಹುದು ಎಂದುಕೊಂಡೇ ಯೋಜನೆ ಮಾಡಬೇಕು.

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರ ಇದೇ ಸಂಕಟಕ್ಕೆ ಸಿಕ್ಕಿತ್ತು. 1990ರ ದಶಕದ ಕೊನೆಯಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಳೆದ ಬರದಿಂದ ಅಲ್ಲಿನ ಹಳೆಯ ಮರಗಳು ಸೊರಗಿದವು. ಪಾಲಿಕೆ ಪ್ರತಿ ಮರವನ್ನೂ ಪರೀಕ್ಷಿಸಿ, ಹತ್ತು ವರ್ಷದಲ್ಲಿ ಶೇ 23ರಷ್ಟು, ಇಪ್ಪತ್ತು ವರ್ಷದಲ್ಲಿ ಶೇ 39ರಷ್ಟು ಮರಗಳ ಆಯಸ್ಸು ಮುಗಿಯುತ್ತದೆ ಎಂದು ಅಂದಾಜು ಮಾಡಿತು. ಆ ಲೆಕ್ಕವನ್ನು ಜನರಿಂದ ಮುಚ್ಚಿಡಲಿಲ್ಲ. 2012ರಲ್ಲಿ ನಗರದ ಮರಗಳಿಗೆಂದೇ ಒಂದು ದೀರ್ಘಾವಧಿ ಯೋಜನೆ ಹೊರಡಿಸಿತು. ಸಾರ್ವಜನಿಕ ಜಾಗದ ನೆರಳನ್ನು 2040ರ ಹೊತ್ತಿಗೆ ಶೇ 22ರಿಂದ ಶೇ 40ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತು. ಒಂದೇ ಜಾತಿಯ ಮರ ಒಟ್ಟು ಮರಗಳಲ್ಲಿ ಶೇ 5, ಹತ್ತಿರದ ಜಾತಿಗಳು ಸೇರಿದ ಒಂದೇ ಕುಲದವು (ಜೀನಸ್) ಶೇ 10, ಹಲವು ಕುಲಗಳು ಸೇರಿದ ಒಂದೇ ಕುಟುಂಬದವು ಶೇ 20 ಮೀರಬಾರದು ಎಂಬ ನಿಯಮ ಮಾಡಿಕೊಂಡಿತು. ಒಂದು ರೋಗ ಬಂದರೆ ಇಡೀ ಊರು ಬೋಳಾಗಬಾರದಲ್ಲ. ನಮ್ಮಲ್ಲಿ ಈಚೆಗೆ ಗುಲಾಬಿ ಟಬೆಬುಯಾ ಮೇಲೆ ಎಲ್ಲರಿಗೂ ಒಲವು. ಫೆಬ್ರುವರಿಯಲ್ಲಿ ಅದರ ಚೆಂದ ನನಗೂ ಇಷ್ಟ. ಆದರೆ ಖಾಲಿ ಇರುವ ಜಾಗಕ್ಕೆಲ್ಲ ಅದೊಂದನ್ನೇ ತಂದು ನೆಟ್ಟರೆ ಎಂಬತ್ತರ ದಶಕದ ಕಥೆಯೇ ಮತ್ತೊಮ್ಮೆ ನಡೆಯುತ್ತದೆ.

ನಿಮ್ಮ ಪಾರ್ಕಿನಲ್ಲಿ ಮಾಡಬೇಕಾದ್ದು ಸರಳ: ಪ್ರತಿ ಮರಕ್ಕೊಂದು ನಂಬರ್ ಕೊಟ್ಟು ಒಂದು ಪುಸ್ತಕ ತೆರೆಯಿರಿ. ಜಾತಿ, ಎದೆಮಟ್ಟದ ಸುತ್ತಳತೆ, ಅಂದಾಜು ವಯಸ್ಸು, ಆರೋಗ್ಯ, ಕೊನೆಯ ಬಾರಿ ಯಾರು ಯಾವಾಗ ರೆಂಬೆ ಕಡಿದರು, ಇಷ್ಟಿದ್ದರೆ ಸಾಕು. ಮರಗಳ ಗಣತಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲೇ ಒಂದು. ಅವರ ಗಣತಿ ನಿಮ್ಮ ಪಾರ್ಕಿಗೆ ಆಗಿದ್ದರೆ ಅದನ್ನೇ ಕೇಳಿ ಪಡೆಯಿರಿ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಮರದ ಪರಿಚಯ ಇರುವ ಒಬ್ಬರನ್ನು ಕರೆದುಕೊಂಡು ಬುಡಗಳನ್ನು ನೋಡುತ್ತಾ ಹೋಗಿ. ಬುಡದಲ್ಲಿ ತಟ್ಟೆಯಾಕಾರದ ಗಟ್ಟಿ ಅಣಬೆ ಎದ್ದಿದೆಯೇ? ಅದು ಒಳಗೆ ಕೊಳೆತ ಇರುವುದರ ಗುರುತು. ಮರದ ಒಂದು ಬದಿಯ ಮಣ್ಣು ಉಬ್ಬಿ ಬಿರುಕು ಬಿಟ್ಟಿದೆಯೇ? ಬೇರು ಹಿಡಿತ ಬಿಡುತ್ತಿದೆ, ತಡಮಾಡಬೇಡಿ. ವಿದ್ಯುತ್ ತಂತಿಗಾಗಿ ಒಂದೇ ಕಡೆಯ ರೆಂಬೆಗಳನ್ನು ಕಡಿದು ಮರ ವಾಲಿಕೊಂಡಿದೆಯೇ? ಮುಖ್ಯವಾಗಿ, ಟೈಲ್ಸ್ ಹಾಸಿದವರು ಕಾಂಡದವರೆಗೂ ಸಿಮೆಂಟ್ ಬಳಿದಿದ್ದಾರೆಯೇ? ಆ ಸಿಮೆಂಟನ್ನು ಒಡೆದರೆ ಎಷ್ಟೋ ಕಡೆ ಕಾಂಡದ ತೊಗಟೆ ಕಪ್ಪಾಗಿ, ಕೈಯಿಂದ ಒತ್ತಿದರೆ ಒಳಕ್ಕೆ ಹೋಗುವಷ್ಟು ಮೆತ್ತಗಾಗಿರುತ್ತದೆ. ಮೇಲೆ ಹಸಿರು ತುಂಬಿರುವ ಮರವೂ ಕೆಳಗೆ ಹೀಗಾಗಿರುತ್ತದೆ. ಬೀದಿಯಲ್ಲಿ ಉರುಳಿದ ಮರಗಳ ಬುಡ ನೋಡಿದರೆ ಇದೇ ಕಾಣುತ್ತದೆ: ದಪ್ಪ ಕಾಂಡ, ತುಂಡಾದ ನಾಲ್ಕು ಬೇರು.

ಪುಸ್ತಕ ತಯಾರಾದ ಮೇಲೆ ಬದಲಿ ಮರಗಳ ಲೆಕ್ಕ ತಾನಾಗಿ ಬರುತ್ತದೆ. ನಿಮ್ಮಲ್ಲಿ ನೂರು ಮರಗಳಿದ್ದು, ಅವುಗಳಲ್ಲಿ ಮೂವತ್ತು ಇನ್ನು ಹದಿನೈದು ವರ್ಷದಲ್ಲಿ ಹೋಗುತ್ತವೆ ಎಂದಿಟ್ಟುಕೊಳ್ಳಿ. ಅವು ಬೀಳುವವರೆಗೆ ಕಾಯದೆ ವರ್ಷಕ್ಕೆ ಮೂರು ನಾಲ್ಕರಂತೆ ಈಗಿನಿಂದಲೇ ಪಕ್ಕದಲ್ಲಿ ಸಸಿ ಬೆಳೆಸುತ್ತಾ ಬನ್ನಿ. ಆಗ ಯಾವ ವರ್ಷದಲ್ಲೂ ಪಾರ್ಕ್ ಬಿಸಿಲಿಗೆ ಬೀಳುವುದಿಲ್ಲ, ಎಲ್ಲ ವಯಸ್ಸಿನ ಮರಗಳೂ ಇರುತ್ತವೆ. ಜಾತಿ ಆರಿಸುವಾಗ ಜಾಗ ನೋಡಿ. ನಡುವೆ ಬಯಲಿದ್ದರೆ ನೇರಳೆ, ಬಿಲ್ವಾರ, ನೀರು ನಿಲ್ಲುವ ತಗ್ಗಿದ್ದರೆ ಹೊಳೆಮತ್ತಿ, ದಾರಿ ಬದಿಗೆ ಹೊಂಗೆ, ಬೇವು, ರಂಜೆ, ತಂತಿಯ ಕೆಳಗೆ ಕಕ್ಕೆಯಂಥ ಚಿಕ್ಕ ಮರ. ಆಲ, ಅರಳಿ ಬೇಕೇ ಬೇಕು, ಹಕ್ಕಿಗಳಿಗೆ ಅದಕ್ಕಿಂತ ದೊಡ್ಡ ಊಟದ ಮನೆ ಇಲ್ಲ. ಆದರೆ ಕಾಂಪೌಂಡಿನಿಂದ ದೂರ ಇರಲಿ. ಹೊರದೇಶದ ಮರ ಎಂದಾಕ್ಷಣ ಬೇಡ ಎನ್ನುವವನಲ್ಲ ನಾನು. ಜಾಗವಿದ್ದ ಕಡೆ ಮಳೆಮರ ಕೊಡುವ ನೆರಳಿಗೆ ಸಾಟಿಯಿಲ್ಲ, ಕಬ್ಬನ್ ಪಾರ್ಕಿಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೋರ್‌ವೆಲ್ ವಿಷಯ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಒಂದು ಎಕರೆಯ ಮೇಲೆ ಬೀಳುವ ಆ ನೀರು ಸುಮಾರು 39 ಲಕ್ಷ ಲೀಟರ್. ನಿಮ್ಮದು ಎರಡು ಎಕರೆ. ಈಗ ಖರ್ಚಿನ ಕಡೆ ನೋಡಿ: ಹುಲ್ಲುಹಾಸು ಹಸಿರಾಗಿರಬೇಕಾದರೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು, ಎಕರೆಗೆ ದಿನವೊಂದಕ್ಕೆ 16ರಿಂದ 20 ಸಾವಿರ ಲೀಟರ್. ಯಾವ ಬೋರ್‌ವೆಲ್ ಇದನ್ನು ಎಷ್ಟು ವರ್ಷ ತಡೆಯುತ್ತದೆ? 2024ರ ಮಾರ್ಚ್‌ನಲ್ಲಿ ನೀರಿನ ಹಾಹಾಕಾರ ಎದ್ದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಅಂಥ ಬೇಸಿಗೆಗಳು ಮುಂದೆಯೂ ಬರುತ್ತವೆ. ಹಾಗಿರುವಾಗ ಹೊಸ ಕಾರಂಜಿಗೆ ಹಣ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಆ ಹಣದಲ್ಲಿ ಮಳೆನೀರನ್ನು ನೆಲದೊಳಕ್ಕೆ ಇಳಿಸುವ ಇಂಗುಬಾವಿ ತೋಡಿಸಿ. ಕಬ್ಬನ್ ಪಾರ್ಕಿನಲ್ಲಿ ಹೂತುಹೋಗಿದ್ದ ಹಳೆಯ ಬಾವಿಗಳನ್ನು ಶುಚಿ ಮಾಡಿ, ಹೊಸದಾಗಿ ಇಂಗುಬಾವಿಗಳನ್ನೂ ತೋಡಿದ್ದಾರೆ. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ಒಡ್ಡರ ಸಮುದಾಯದವರ ಕೆಲಸ ಅದು. ಮಣ್ಣಿನ ಪದರ, ನೀರಿನ ಜಾಡು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ನಿಮ್ಮಲ್ಲೂ ಅವರನ್ನೇ ಕರೆಸಿ, ತಗ್ಗಿನ ಕಡೆ ಎಲ್ಲಿ ತೋಡಬೇಕು ಎಂದು ಅವರನ್ನೇ ಕೇಳಿ. ಹುಲ್ಲುಹಾಸನ್ನು ಮಕ್ಕಳು ಆಡುವ ಒಂದು ತುಂಡಿಗೆ ಸೀಮಿತ ಮಾಡಿ, ಉಳಿದ ಕಡೆ ಮರದ ಕೆಳಗೆ ಉದುರಿದ ಎಲೆ ಹಾಗೇ ಇರಲಿ. ದಿನವೂ ಎಲೆ ಗುಡಿಸಿ ಲಾರಿಗೆ ತುಂಬುವುದನ್ನು ನಾವು ಸ್ವಚ್ಛತೆ ಅಂದುಕೊಂಡಿದ್ದೇವೆ. ಅದು ಮಣ್ಣಿನ ಬಾಯಿಂದ ಅನ್ನ ಕಿತ್ತಂತೆ. ಪಕ್ಕದಲ್ಲಿ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಇರುವ ದೊಡ್ಡ ಅಪಾರ್ಟ್‌ಮೆಂಟ್ ಇದ್ದರೆ ಸಂಸ್ಕರಿಸಿದ ನೀರಿಗಾಗಿ ಮಾತನಾಡಿ. ವರ್ಷಕ್ಕೊಮ್ಮೆ ಮಣ್ಣಿನ ಉಪ್ಪಿನಂಶ ಪರೀಕ್ಷೆ ಮಾಡಿಸುವುದನ್ನು ಮಾತ್ರ ಮರೆಯಬೇಡಿ.

ಟೈಲ್ಸ್ ಬಗ್ಗೆ ಸಂಘದಲ್ಲಿ ಜಗಳ ಆಗುತ್ತದೆ ಎಂದು ಗೊತ್ತು. ಹಿರಿಯರಿಗೆ, ಗಾಲಿಕುರ್ಚಿಯವರಿಗೆ ಕಾಲು ತೊಡರದ ಗಟ್ಟಿ ದಾರಿ ಬೇಕು, ಅದು ಅವರ ಹಕ್ಕು. ಹಾಗಾಗಿ ಒಂದು ಸುತ್ತು ಗಟ್ಟಿ ದಾರಿ ಇರಲಿ, ಈಗಿರುವ ಟೈಲ್ಸನ್ನೇ ಎದ್ದ ಕಡೆ, ಕುಸಿದ ಕಡೆ ಸರಿಮಾಡಿಸಿ. ಒಳದಾರಿಗಳು ಮಣ್ಣಿನವೇ ಇರಲಿ. ಪ್ರತಿ ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಬಿಡಿಸಿ. ಅನುಮಾನ ಇರುವವರಿಗೆ ಒಂದು ಪರೀಕ್ಷೆ ಮಾಡಿ ತೋರಿಸಬಹುದು. ಜನ ಓಡಾಡಿ ಗಟ್ಟಿಯಾದ ಜಾಗದಲ್ಲಿ ಒಂದಡಿ ಗುಂಡಿ, ಮರದಡಿಯ ಎಲೆ ತುಂಬಿದ ಜಾಗದಲ್ಲಿ ಇನ್ನೊಂದು. ಎರಡಕ್ಕೂ ಒಂದೊಂದು ಬಕೆಟ್ ನೀರು ಹಾಕಿ. ಎರಡನೆಯದು ಇಂಗಿ ಎಷ್ಟೋ ಹೊತ್ತಾದ ಮೇಲೂ ಮೊದಲನೆಯದರಲ್ಲಿ ನೀರು ನಿಂತಿರುತ್ತದೆ. ಬೋರ್‌ವೆಲ್ ಏಕೆ ಒಣಗಿತು ಎಂಬುದಕ್ಕೆ ಆಮೇಲೆ ಯಾರಿಗೂ ಭಾಷಣ ಮಾಡಬೇಕಾಗುವುದಿಲ್ಲ.

ಹಣ. ಇದೇ ಅತ್ಯಂತ ಕಷ್ಟದ ಭಾಗ, ಏಕೆಂದರೆ ಸಂಘದ ಕೈಯಲ್ಲಿರುವುದು ಕಡಿಮೆ. ನಿರ್ವಹಣೆಯನ್ನು ವರ್ಷವರ್ಷದ ಗುತ್ತಿಗೆಗೆ ಬಿಟ್ಟರೆ ಮಾಲಿ ಬದಲಾಗುತ್ತಲೇ ಇರುತ್ತಾನೆ, ಯಾವ ಗಿಡಕ್ಕೆ ಏನಾಗಿತ್ತು ಎಂಬ ನೆನಪು ಯಾರಿಗೂ ಉಳಿಯುವುದಿಲ್ಲ. ಜಗತ್ತಿನಲ್ಲಿ ಚೆನ್ನಾಗಿ ಉಳಿದಿರುವ ಪಾರ್ಕ್‌ಗಳ ಹಿಂದೆ ವರ್ಷವೂ ನಿಲ್ಲದೆ ಬರುವ ಆದಾಯವೊಂದು ಇರುತ್ತದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1883ರಿಂದ ಪಾರ್ಕ್‌ಗಳಿಗೇ ಪ್ರತ್ಯೇಕ ಮಂಡಳಿ ಇದೆ. ಅದನ್ನು ಜನ ಚುನಾಯಿಸುತ್ತಾರೆ, ಪಾರ್ಕ್‌ಗಳಿಗೆಂದೇ ಬೇರೆ ತೆರಿಗೆ ಬರುತ್ತದೆ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ 1992ರಲ್ಲಿ ಪಾರ್ಕ್ಸ್ ಟ್ರಸ್ಟ್ ಸ್ಥಾಪನೆಯಾದಾಗ ಪಾರ್ಕ್‌ಗಳನ್ನು 999 ವರ್ಷದ ಗುತ್ತಿಗೆಗೆ ವಹಿಸಿ, ಜೊತೆಗೆ ವಾಣಿಜ್ಯ ಕಟ್ಟಡಗಳನ್ನೂ ಕೊಟ್ಟರು. ಆ ಬಾಡಿಗೆಯಿಂದ ಉದ್ಯಾನಗಳ ಖರ್ಚು ನಡೆಯುತ್ತದೆ, ಪ್ರತಿ ಬಜೆಟ್‌ನಲ್ಲಿ ಕೈಚಾಚಬೇಕಾಗಿಲ್ಲ. ನಮ್ಮ ಊರಿಗೆ ಒಂಬೈನೂರ ತೊಂಬತ್ತೊಂಬತ್ತು ವರ್ಷ ಬೇಡ. ಹೊಸ ಪಾಲಿಕೆಗಳು ಪ್ರತಿ ಪಾರ್ಕಿಗೆ ಹತ್ತು ವರ್ಷದ ನಿರ್ವಹಣಾ ಮೊತ್ತವನ್ನು ಬಜೆಟ್‌ನಲ್ಲಿ ಬೇರೆ ಶೀರ್ಷಿಕೆಯಡಿ ತೆಗೆದಿಡಲಿ, ಅದನ್ನು ಕಾಮಗಾರಿಗೆ ತಿರುಗಿಸುವಂತಿಲ್ಲ ಎಂದು ಬರೆಯಲಿ. ಇಷ್ಟಾದರೆ ಅರ್ಧ ಸಮಸ್ಯೆ ತೀರುತ್ತದೆ. ವಾರ್ಡ್ ಸಮಿತಿಯಲ್ಲಿ ಇದನ್ನು ಬಿಡದೆ ಕೇಳಿ. ಸಂಘ ಸ್ವಂತವಾಗಿ ಮಾಡಬಹುದಾದ ಒಂದು ಕೆಲಸವೂ ಇದೆ: ಗುತ್ತಿಗೆದಾರ ಯಾರೇ ಬರಲಿ, ಈಗಿರುವ ಮಾಲಿಯೇ ಮುಂದುವರಿಯಲಿ, ಅವರ ಸಂಬಳ ತಿಂಗಳ ಮೊದಲ ವಾರದಲ್ಲೇ ಆಗಲಿ ಎಂದು ಪಟ್ಟು ಹಿಡಿಯುವುದು. ಹತ್ತು ವರ್ಷ ಒಂದೇ ಪಾರ್ಕ್ ನೋಡಿದ ಮಾಲಿಗೆ ಗೊತ್ತಿರುವುದು ನನ್ನಂಥವರ ವರದಿಯಲ್ಲಿ ಇರುವುದಿಲ್ಲ.

ಯೋಜನೆ ಬರೆಯುವಾಗ ಬೆಳಿಗ್ಗೆ ವಾಕಿಂಗ್ ಬರುವವರನ್ನು ಮಾತ್ರ ಕರೆಯಬೇಡಿ. ಬೆಂಗಳೂರಿನ ಪಾರ್ಕ್‌ಗಳಿಗೆ ಬಹಳ ಕಾಲ ಮಧ್ಯಾಹ್ನದ ಹೊತ್ತು ಬೀಗ ಇರುತ್ತಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ನಿರ್ಧಾರ ಬಂತು. ನನ್ನ ದೃಷ್ಟಿಯಲ್ಲಿ ಅದು ಯಾವ ಕಾಮಗಾರಿಗಿಂತಲೂ ದೊಡ್ಡ ಸುಧಾರಣೆ. ಎರಡು ಮನೆಗಳ ಕೆಲಸದ ನಡುವೆ ಬುತ್ತಿ ಬಿಚ್ಚುವ ಹೆಂಗಸರಿಗೆ, ಆರ್ಡರ್‌ಗಾಗಿ ಕಾಯುವ ಡೆಲಿವರಿ ಹುಡುಗರಿಗೆ, ಮನೆಯಲ್ಲಿ ಓದಲು ಜಾಗವಿಲ್ಲದ ವಿದ್ಯಾರ್ಥಿಗಳಿಗೆ ನೆರಳು ಬೇಕಾಗುವುದು ಮಧ್ಯಾಹ್ನವೇ. ಗೇಟು ಯಾವಾಗ ತೆಗೆಯಬೇಕು, ಶೌಚಾಲಯ ಎಲ್ಲಿರಬೇಕು, ಯಾವ ದೀಪ ಕೆಟ್ಟಿದೆ ಎಂದು ಅವರನ್ನೂ ಕೇಳಿ. ಪಾರ್ಕ್ ಬಳಸುವವರು ಹೆಚ್ಚಿದಷ್ಟೂ ಅದರ ಮೂಲೆ ಕಬಳಿಸುವುದು ಕಷ್ಟ.

ನಿಮ್ಮ ಪ್ರಶ್ನೆಯಲ್ಲಿಲ್ಲದ ಒಂದು ಮಾತನ್ನೂ ಸೇರಿಸುತ್ತೇನೆ. ನಿಮಗೆ ಎರಡು ಎಕರೆ ಇದೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ, ರೆವಿನ್ಯೂ ಸೈಟುಗಳಲ್ಲಿ (ಕೃಷಿ ಜಮೀನನ್ನು ಅನುಮೋದನೆ ಇಲ್ಲದೆ ಸೈಟು ಮಾಡಿದ ಕಡೆ) ಬೆಳೆದ ಎಷ್ಟೋ ಬಡಾವಣೆಗಳಲ್ಲಿ ಮಕ್ಕಳು ಆಡಲು ಒಂದು ಗುಂಟೆ ತೆರೆದ ಜಾಗವೂ ಇಲ್ಲ. ಅಲ್ಲಿ ಶೇ 15ರ ನಿಯಮ ಯಾರೂ ಪಾಲಿಸಲಿಲ್ಲ. ನಗರದ ಪಾರ್ಕ್‌ಗಳ ಮುಂದಿನ 30 ವರ್ಷ ಎಂದಾಗ, ಇರುವ ಪಾರ್ಕ್‌ಗಳಿಗೆ ಇನ್ನಷ್ಟು ಸುರಿಯುವುದಕ್ಕಿಂತ ಅಲ್ಲಿ ಉಳಿದಿರುವ ಸರ್ಕಾರಿ ಖರಾಬು, ರಾಜಕಾಲುವೆ ಅಂಚು, ಕೆರೆಯಂಗಳಗಳನ್ನು ಕಟ್ಟಡ ಏಳುವ ಮುಂಚೆ ಗುರುತಿಸಿ ಪಟ್ಟಿಗೆ ಸೇರಿಸುವುದು ಮೊದಲಾಗಬೇಕು. ನಿಮ್ಮಂಥ ಸಂಘಗಳು ಅದಕ್ಕೂ ದನಿಗೂಡಿಸಿದರೆ ಪಾಲಿಕೆಗೆ ಕೇಳಿಸುತ್ತದೆ.

ಈ ವರ್ಷದ ಅನುದಾನಕ್ಕೆ ಬರುವುದಾದರೆ, ಹಣ ವಾಪಸ್ ಹೋಗುತ್ತದೆ ಎಂಬ ಹೆದರಿಕೆಗೆ ಬಂದದ್ದಕ್ಕೆಲ್ಲ ಒಪ್ಪಿಕೊಳ್ಳಬೇಡಿ. ಟೆಂಡರ್‌ಗೆ ಮುಂಚೆ ಎಸ್ಟಿಮೇಟ್ ಬದಲಿಸುವುದು ಸುಲಭ, ವರ್ಕ್ ಆರ್ಡರ್ ಆದ ಮೇಲೆ ಬಹಳ ಕಷ್ಟ. ಆದ್ದರಿಂದ ಈ ವಾರವೇ ಎಂಜಿನಿಯರ್‌ಗೆ ಲಿಖಿತ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರಂಜಿ, ಕಮಾನು, ಹೊಸ ಟೈಲ್ಸ್ ಕೈಬಿಟ್ಟು ಮರಗಳ ತಪಾಸಣೆ, ಬುಡದ ಸಿಮೆಂಟ್ ತೆಗೆಯುವುದು, ಇಂಗುಬಾವಿ, ಇರುವ ದಾರಿಯ ದುರಸ್ತಿ, ಸಸಿ ಮತ್ತು ಅವಕ್ಕೆ ಮೂರು ವರ್ಷದ ಆರೈಕೆ, ಇಷ್ಟನ್ನು ಸೇರಿಸಿ ಎಂದು ಕೇಳಿ. ಜಿಮ್ ಬೇಕೆನ್ನುವವರು ಹೆಚ್ಚಿದ್ದರೆ ಅದು ಇರಲಿ, ಮರದ ಬೇರಿನಿಂದ ದೂರ. ಅಪಾಯದ ಮರಗಳ ಪಟ್ಟಿಯನ್ನು ವೃಕ್ಷಾಧಿಕಾರಿಗೆ ಏಪ್ರಿಲ್‌ಗೆ ಮುಂಚೆ ಮುಟ್ಟಿಸಿ, ಏಕೆಂದರೆ ಗಾಳಿಮಳೆಯ ಹಾವಳಿ ಶುರುವಾಗುವುದೇ ಆಗ. ಸಸಿಯ ಗುಂಡಿಗಳನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಎಲೆಗೊಬ್ಬರ ತುಂಬಿ, ಜೂನ್‌ನಲ್ಲಿ ಎರಡು ಮಳೆ ಚೆನ್ನಾಗಿ ಬಿದ್ದ ಮೇಲೆ ನೆಡಿ. ಆಳೆತ್ತರದ ಸಸಿಯೇ ಇರಲಿ, ಊರುಗೋಲು ಕಟ್ಟಿ, ಮೊದಲ ಮೂರು ಬೇಸಿಗೆ ವಾರಕ್ಕೆರಡು ಸಲ ನೀರು ಹಾಕುವ ಹೊಣೆಯನ್ನು ಮರಗಳ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿಗೆ ಬರೆದಿಡಿ.